ಬಿಸಿಯಾದ ಮೆಗ್ನೀಸಿಯಂ ಯಾಕೆ ಬೇಗ ಸವೆಯುತ್ತೆ?

ಗಾಡಿಯ ತೂಕ ಇಳಿಸೋ ಮಾತು ಬಂದಾಗಲೆಲ್ಲ ನಮ್ಮ ಮೆಕ್ಯಾನಿಕಲ್ ಗೆಳೆಯರ ಬಾಯಲ್ಲಿ ಬರೋ ಹೆಸರು ಮೆಗ್ನೀಸಿಯಂ. ಸಹಜವೇ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಮೆಗ್ನೀಸಿಯಂ ತೂಗೋದು ಬರೀ 1.74 ಗ್ರಾಂ. ಹಾಗಾದರೆ ಸಿಲಿಂಡರಿನ ಒಳಗೋಡೆಯನ್ನೂ ಇದರಲ್ಲೇ ಮಾಡಬಹುದಲ್ಲ? ಆಗಲ್ಲ. ಉಜ್ಜಾಟ ಮತ್ತು ಬಿಸಿ ಎರಡೂ ಕೂಡಿ ಬಂದರೆ ಈ ಲೋಹ ತಡೆಯೋದು ಕಷ್ಟ.

ಹೆಚ್ಚು ಬಳಕೆಯಲ್ಲಿರೋ ಎಝಡ್91 ಮಿಶ್ರಲೋಹವನ್ನೇ ತಗೊಳ್ಳೋಣ. ಇದರಲ್ಲಿ ಸುಮಾರು ಶೇ. 9ರಷ್ಟು ಅಲ್ಯೂಮಿನಿಯಂ, ಶೇ. 1ರಷ್ಟು ಸತು ಇರುತ್ತೆ. ಮೆಗ್ನೀಸಿಯಂ, ಅಲ್ಯೂಮಿನಿಯಂ ಸೇರಿ ಆದ ಒಂದು ಗಟ್ಟಿ ಸಂಯುಕ್ತ, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಗ್ರೇನ್‌ಗಳ ಅಂಚಿನಲ್ಲಿ ಕೂತಿರುತ್ತೆ. ತಣ್ಣಗಿದ್ದಾಗ ಬಲ ಕೊಡೋ ಈ ಗಾರೆಯೇ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗೋಕೆ ಶುರು. ಜೊತೆಗೆ, ಮೆಗ್ನೀಸಿಯಂನ ಷಟ್ಕೋನ ಸ್ಫಟಿಕದಲ್ಲಿ ಪರಮಾಣು ಪದರಗಳು ಮಾಮೂಲಿ ಉಷ್ಣತೆಯಲ್ಲಿ ಮುಖ್ಯವಾಗಿ ಒಂದೇ ತಳದಲ್ಲಿ ಜಾರುತ್ತವೆ. 225 ಡಿಗ್ರಿಯ ಆಸುಪಾಸಿನಲ್ಲಿ ಬೇರೆ ತಳಗಳಲ್ಲೂ ದಾರಿ ತೆರೆಯುತ್ತೆ. ಶೀಟ್ ಬಗ್ಗಿಸೋರಿಗೆ ಇದರಿಂದ ಅನುಕೂಲ, ಉಜ್ಜಿಸಿಕೊಳ್ಳೋ ಮೇಲ್ಮೈಗಲ್ಲ.

ಸವೆತ ಅಳೆಯೋಕೆ ನಾವು ಬಳಸೋದು ಪಿನ್-ಆನ್-ಡಿಸ್ಕ್ ಯಂತ್ರ. ತಿರುಗೋ ಉಕ್ಕಿನ ತಟ್ಟೆಯ ಮೇಲೆ ಮೆಗ್ನೀಸಿಯಂ ಪಿನ್ನನ್ನು ಒತ್ತಿ ಹಿಡಿದು, ಮೊದಲೂ ಆಮೇಲೂ ತೂಗಿ ನೋಡೋದು. ಆರ್ಚರ್ಡ್ ಸೂತ್ರದ ಪ್ರಕಾರ ಸವೆತ ಭಾರಕ್ಕೂ ಜಾರಿದ ದೂರಕ್ಕೂ ನೇರ ಅನುಪಾತದಲ್ಲಿ, ಗಡಸುತನಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತೆ. ಬಿಸಿಯಾದಷ್ಟೂ ಗಡಸುತನ ಇಳಿಯೋದರಿಂದ ಸವೆತ ಒಂದೇ ಸಮ ಏರಬೇಕು. ಆದರೆ ಭಾರ ಕಡಿಮೆ ಇದ್ದಾಗ ಎಷ್ಟೋ ಸಲ ಸವೆತ ಮೊದಲು ಸ್ವಲ್ಪ ಇಳಿದು, ಆಮೇಲೆ ಒಮ್ಮೆಲೇ ಜಿಗಿಯುತ್ತೆ.

ಇಳಿಯೋಕೆ ಕಾರಣ ಆಕ್ಸೈಡ್. ಮೆಗ್ನೀಸಿಯಂ ಆಕ್ಸೈಡಿನ ಗಾತ್ರ, ಅದು ಹುಟ್ಟಿದ ಲೋಹದ ಗಾತ್ರದ ಸುಮಾರು ಶೇ. 80 ಮಾತ್ರ. ಹಾಗಾಗಿ ತಾನಾಗೇ ಬೆಳೆದ ಪದರ ಲೋಹವನ್ನು ಪೂರ್ತಿ ಮುಚ್ಚೋದಿಲ್ಲ, ರಂಧ್ರ ಬಿಡುತ್ತೆ. ಆದರೂ ಉದುರಿದ ಆಕ್ಸೈಡ್ ಪುಡಿ ಉಜ್ಜಾಟದ ದಾರಿಯಲ್ಲೇ ಒತ್ತಿ ಗಟ್ಟಿಯಾದರೆ, ಲೋಹಕ್ಕೆ ಲೋಹ ತಾಗದಂತೆ ಕಾಯುತ್ತೆ. ಎಲ್ಲೀವರೆಗೆ? ಬೇಸಿಗೆಯಲ್ಲಿ ಕೆರೆಯಂಗಳದ ಮಣ್ಣು ನೋಡಿ: ಮೇಲೆ ಒಣಗಿದ ಹಕ್ಕಳೆ, ಒಳಗೆ ಹಸಿ ಕೆಸರು. ನಾಯಿ ಓಡಾಡಿದರೆ ಏನೂ ಆಗಲ್ಲ, ಎಮ್ಮೆ ಕಾಲಿಟ್ಟರೆ ಹಕ್ಕಳೆ ಒಡೆದು ಕಾಲು ಹೂತೇ ಹೋಗುತ್ತೆ. ಅಡಿಯ ಲೋಹ ಮೆತ್ತಗಾದ ಮೇಲೆ ಆಕ್ಸೈಡ್ ಪದರದ ಗತಿಯೂ ಅದೇ. ಆಮೇಲೆ ಲೋಹ ಚಕ್ಕೆ ಚಕ್ಕೆಯಾಗಿ ಏಳುತ್ತೆ, ಉಕ್ಕಿನ ತಟ್ಟೆಗೆ ಮೆತ್ತಿಕೊಳ್ಳುತ್ತೆ, ಪಿನ್ನಿನ ಅಂಚಿನಿಂದ ಹೊರಕ್ಕೆ ಹರಿದು ನಿಲ್ಲುತ್ತೆ.

ಇಲ್ಲಿ ಒಂದು ಗೊಂದಲ. ಈ ಹಂತದಲ್ಲಿ ಘರ್ಷಣೆಯ ಗುಣಾಂಕ ಏರಲೇಬೇಕು ಅಂತೇನಿಲ್ಲ. ಮೆತ್ತಗಿನ ಲೋಹ ಸುಲಭವಾಗಿ ಜಾರೋದರಿಂದ ಇಳಿಯಲೂಬಹುದು. ಗ್ರಾಫಿನಲ್ಲಿ ಘರ್ಷಣೆ ಇಳಿದಿದ್ದನ್ನು ನೋಡಿ 'ಸವೆತವೂ ಕಡಿಮೆ' ಅಂತ ರಿಪೋರ್ಟ್ ಬರೆದುಬಿಟ್ಟರೆ ಕೆಟ್ಟಿತು. ಹಾಗೇ ಹೀಟರಿನ ಮೀಟರ್ 100 ಡಿಗ್ರಿ ತೋರಿಸಿದರೆ ಉಜ್ಜೋ ಜಾಗವೂ 100 ಅಂತಲ್ಲ. ಉಜ್ಜಾಟವೇ ಹುಟ್ಟಿಸಿದ ಬಿಸಿ ಅದರ ಮೇಲೆ ಸೇರುತ್ತೆ. ವೇಗ, ಭಾರ ಹೆಚ್ಚಿಸಿದರೆ ಹೀಟರ್ ಹಾಕದೆಯೂ ಆ ಜಿಗಿತ ಕಾಣೋದು ಇದಕ್ಕೇ.

ಎಂಜಿನ್ ಮಾಡೋರಿಗೆ ಇದೆಲ್ಲ ಹಳೇ ತಲೆನೋವು. ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂದು, ಆದರೆ ಪಿಸ್ಟನ್ ಓಡಾಡೋ ಸಿಲಿಂಡರುಗಳು ಎರಕದ ಕಬ್ಬಿಣದ್ದು. ಹಾಗಿದ್ದೂ ಹಳೇ ಬೀಟಲ್‌ಗಳಲ್ಲಿ ಬೇರಿಂಗ್ ಕೂರೋ ಗೂಡು ಬಡಿಸಿಕೊಂಡು ಸಡಿಲವಾಗುತ್ತೆ. ಅದನ್ನು ಕೊರೆದು ಹಿಗ್ಗಿಸಿ ದಪ್ಪ ಬೇರಿಂಗ್ ಹಾಕಬೇಕಾಗುತ್ತೆ. 2004ರಲ್ಲಿ ಬಂದ ಬಿಎಂಡಬ್ಲ್ಯು ಎನ್52 ಎಂಜಿನ್ನಿನ ಉಪಾಯ ನಮಗೆ ತುಂಬ ಇಷ್ಟ. ಹೊರಗಿನ ಕವಚಕ್ಕೆ ಸ್ಟ್ರಾನ್ಷಿಯಂ ಬೆರೆತ, ಬಿಸಿ ತಾಳೋ ಎಜೆ62 ಎಂಬ ಮೆಗ್ನೀಸಿಯಂ ಮಿಶ್ರಲೋಹ. ಪಿಸ್ಟನ್ ಉಜ್ಜೋ ಕಡೆ, ನೀರು ಹರಿಯೋ ಕಡೆ ಮಾತ್ರ ಸಿಲಿಕಾನ್ ಹೆಚ್ಚಿರೋ ಅಲ್ಯೂಮಿನಿಯಂ. ಮೆಗ್ನೀಸಿಯಂಗೆ ಉಜ್ಜಿಸಿಕೊಳ್ಳೋ ಕೆಲಸವನ್ನೇ ಕೊಟ್ಟಿಲ್ಲ.

ಯಟ್ರಿಯಂ, ನಿಯೋಡಿಮಿಯಂ ಇರೋ ಡಬ್ಲ್ಯುಇ43ರಂಥವು ಸುಮಾರು 250 ಡಿಗ್ರಿವರೆಗೂ ಬಲ ಉಳಿಸಿಕೊಳ್ಳುತ್ತವೆ, ಆದರೆ ದುಬಾರಿ.

ಏಳನೇ ಸೆಮಿಸ್ಟರಿನಲ್ಲಿ ಇದನ್ನೇ ಪ್ರಾಜೆಕ್ಟ್ ಮಾಡೋರು ಇದ್ದರೆ, ಪ್ರತಿ ಪರೀಕ್ಷೆ ಮುಗಿದ ಮೇಲೂ ತಟ್ಟೆಯ ಸುತ್ತ ಬಿದ್ದ ಪುಡಿ ಒರೆಸಿ ತೆಗೀರಿ. ಸಣ್ಣ ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತೋದು ಸುಲಭ. ಹತ್ತಿದರೆ ನೀರು ಮಾತ್ರ ಹಾಕಬೇಡಿ, ಹೈಡ್ರೋಜನ್ ಹುಟ್ಟಿ ಇನ್ನೂ ಜೋರಾಗುತ್ತೆ. ಚೆನ್ನಾಗಿ ಒಣಗಿದ ಮರಳಿನ ಬಕೆಟ್ ಪಕ್ಕದಲ್ಲೇ ಇರಲಿ.