ಸೀರೆಗೂ ಮೊದಲು ಸಿಲಿಂಡರ್

ನಮ್ಮ ಮನೆಯಲ್ಲಿ ಚಹಾಕ್ಕೆ ಮಾತ್ರ ಗ್ಯಾಸ್. ಅನ್ನ, ಸಾರು, ಸ್ನಾನದ ನೀರು ಎಲ್ಲ ಸೌದೆ ಒಲೆಯಲ್ಲೇ. ಸಿಲಿಂಡರ್ ಬೇಗ ಮುಗಿದೀತೆಂಬ ಚಿಂತೆ ಅಮ್ಮನಿಗೆ. ಹೊಗೆಯಿಂದ ಕಣ್ಣುರಿ ಅಷ್ಟೇ ಎಂಬುದು ಅವಳ ನಂಬಿಕೆ.

ಜೀವಶಾಸ್ತ್ರ ಓದುತ್ತಿರುವ ನನಗೆ ಕಾಣುವುದೇ ಬೇರೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಒಳಬಂದ ರೋಗಾಣುಗಳನ್ನು ನುಂಗಿ ಕೊಲ್ಲುವುದು ಅವುಗಳ ಕೆಲಸ. ಹೊಗೆಯ ಮಸಿಯನ್ನೂ ಅವು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಮಸಿ ತುಂಬಿಕೊಂಡ ಕೋಶ ರೋಗಾಣುವನ್ನು ಹಿಡಿಯುವಲ್ಲಿ ಹಿಂದೆ ಬೀಳುತ್ತದೆ. ಒಲೆ ಪಕ್ಕ ಬೆಳೆಯುವ ಮಕ್ಕಳನ್ನು ನ್ಯುಮೋನಿಯಾ ಹೆಚ್ಚು ಕಾಡಲು ಇದೂ ಒಂದು ಕಾರಣ.

2016ರ ಉಜ್ವಲಾ ಯೋಜನೆ ಬಡವರ ಮನೆಗೂ ಗ್ಯಾಸ್ ತಂದಿತು. ಮತ್ತೆ ಮತ್ತೆ ತುಂಬಿಸುವ ಖರ್ಚೇ ಈಗಿನ ತೊಡಕು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ಕೊಡಿಸುವ ಕನಸು ನಮ್ಮೆಲ್ಲರದು. ಗೆಳೆಯರೇ, ಅದಕ್ಕೂ ಮೊದಲು ಸಿಲಿಂಡರ್ ತುಂಬಿಸೋಣ.