ಮನೆ ಖಾಲಿ ಮಾಡಿಸುವಾಗ: ಉಚಲ ಯಾವಾಗ ಜೀತವಾಗುತ್ತದೆ?



ಸೊಲ್ಲಾಪುರ, ಅಕ್ಕಲಕೋಟೆಯ ಓಣಿಗಳಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿರುತ್ತಾರೆ. ಮನೆ ಮಾರುವ ಮೊದಲು ಖಾಲಿ ಮಾಡಿಸಬೇಕು. ಕಪಾಟು, ಹಿತ್ತಾಳೆ ಪಾತ್ರೆ, ತೇಗದ ತೊಲೆ, ಗುಜರಿ ಎಲ್ಲವನ್ನೂ ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸುತ್ತೇವೆ. ಆತ ಟೆಂಪೋ ಮತ್ತು ಐದಾರು ಆಳುಗಳ ಜೊತೆ ಬಂದು ಎರಡು ದಿನದಲ್ಲಿ ಕೆಲಸ ಮುಗಿಸುತ್ತಾನೆ. ದರದ ಬಗ್ಗೆ ಚೌಕಾಸಿ ಮಾಡುತ್ತೇವೆ. ಆ ಆಳುಗಳಿಗೆ ಎಷ್ಟು ಕೂಲಿ ಸಿಗುತ್ತದೆ, ಕೆಲಸ ಬಿಟ್ಟು ಹೋಗಲು ಅವರು ಸ್ವತಂತ್ರರೇ ಎಂದು ಮಾತ್ರ ಕೇಳುವುದಿಲ್ಲ.

ನಮ್ಮ ಸದಸ್ಯರಲ್ಲಿ ಮನೆ ಖಾಲಿ ಮಾಡಿಸುವವರೂ ಇದ್ದಾರೆ, ಈ ಧಂದೆ ನಡೆಸುವವರೂ ಇದ್ದಾರೆ. ಅಫಜಲಪುರ, ಇಂಡಿ, ಆಳಂದ ಕಡೆಯಿಂದ ಗುಳೆ ಬಂದು ದುಡಿಯುವವರೂ ನಮ್ಮವರೇ. ಈ ಬರಹ ಮೂವರಿಗೂ.

ಉಚಲ ಕೊಡುವುದು ತಪ್ಪೇ?

ನಮ್ಮ ಭಾಗದಲ್ಲಿ ಉಚಲ ಹೊಸದಲ್ಲ. ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮೊದಲೇ ಮುಕಾದಮ ಗಂಡ-ಹೆಂಡತಿ ಜೋಡಿಗೆ ಮುಂಗಡ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಹಮಾಲಿ, ಇಟ್ಟಿಗೆ ಭಟ್ಟಿ, ಮನೆ ಕೆಡವುವ ಕೆಲಸದಲ್ಲೂ ಇದೇ ರೂಢಿ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಕೊಟ್ಟ ಮುಂಗಡ ಒಂದು ಉಪಕಾರವೂ ಆಗಬಹುದು. ಅದೇ ಮುಂಗಡ ಆಳಿನ ಸ್ವಾತಂತ್ರ್ಯವನ್ನು ಅಡವಿಟ್ಟುಕೊಂಡರೆ ಅದು ಜೀತ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ 20,000 ರೂಪಾಯಿ ಉಚಲ ತೆಗೆದುಕೊಂಡ ಎನ್ನಿ. ದಿನಗೂಲಿಯಲ್ಲಿ ಊಟ, ಗೋದಾಮಿನ ವಸತಿ, ರಜೆಯ ದಂಡ ಎಂದು ಕಡಿತವಾಗುತ್ತದೆ. ಉಳಿದದ್ದು ಬಡ್ಡಿಗೆ ಹೋಗುತ್ತದೆ. ಆರು ತಿಂಗಳಾದರೂ ಅಸಲು ಹಾಗೇ ಇರುತ್ತದೆ. ಊರಿಗೆ ಹೋಗುತ್ತೇನೆಂದರೆ "ಮೊದಲು ಬಾಕಿ ತೀರಿಸು" ಎಂಬ ಉತ್ತರ. ಆಧಾರ್ ಕಾರ್ಡ್ ಮಾಲೀಕನ ಪೆಟ್ಟಿಗೆಯಲ್ಲಿ. ಬಾಗಿಲಿಗೆ ಬೀಗವಿಲ್ಲದಿದ್ದರೂ ಮನುಷ್ಯ ಸೆರೆಯಲ್ಲಿದ್ದಾನೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂದು, 1975ರ ಅಕ್ಟೋಬರ್ 25ರಿಂದಲೇ ಅನ್ವಯವಾಯಿತು. ಮುಂಗಡದ ಕಾರಣದಿಂದ ಕೂಲಿಯಿಲ್ಲದೆ ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯಬೇಕಾದರೆ, ಬೇರೆ ಕಡೆ ಕೆಲಸ ಹಿಡಿಯುವಂತಿಲ್ಲದಿದ್ದರೆ, ಅಥವಾ ಬೇಕೆಂದಲ್ಲಿಗೆ ಹೋಗುವಂತಿಲ್ಲದಿದ್ದರೆ, ಇವುಗಳಲ್ಲಿ ಒಂದಿದ್ದರೂ ಅದು ಜೀತ. ಅಂಥ ಸಾಲ ಕಾನೂನಿನ ಕಣ್ಣಲ್ಲಿ ರದ್ದಾಗುತ್ತದೆ; ವಸೂಲಿಗೆ ಕೋರ್ಟಿಗೂ ಹೋಗುವಂತಿಲ್ಲ. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತಕ್ಕಿಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ ಉಂಟು.

"ಅವನೇ ಒಪ್ಪಿ ಬಂದಿದ್ದಾನೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಹಸಿವು, ಬಡತನವೂ ಒಂದು ಬಲವಂತವೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು.

ಈ ಕಷ್ಟ ನಮ್ಮ ದೇಶದ್ದೊಂದೇ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರ ಸಂಸ್ಥೆಗಳ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಬ್ರಿಟನ್ 2015ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ದೊಡ್ಡ ಕಂಪನಿಗಳು ತಮ್ಮ ವ್ಯವಹಾರದಲ್ಲಿ ಗುಲಾಮಗಿರಿ ನುಸುಳದಂತೆ ಏನು ಮಾಡಿದ್ದೇವೆಂದು ಅಲ್ಲಿ ವರ್ಷವರ್ಷವೂ ಹೇಳಬೇಕು. ಸಣ್ಣ ಗುತ್ತಿಗೆದಾರನಿಗೆ ಅಂಥ ವರದಿ ಬೇಕಿಲ್ಲ. ಒಂದು ನೇರವಾದ ಹಜೇರಿ ಪುಸ್ತಕ ಸಾಕು.

ಧಂದೆ ನಡೆಸುವವರಿಗೆ

ಕೂಲಿಯನ್ನು ಆಳಿನ ಕೈಗೆ ಅಥವಾ ಅವನ ಸ್ವಂತ ಖಾತೆಗೆ ಕೊಡಿ, ಮುಕಾದಮನ ಕೈಗಲ್ಲ. ಗಂಡ-ಹೆಂಡತಿ ಇಬ್ಬರೂ ದುಡಿದರೆ ಇಬ್ಬರ ಹೆಸರಲ್ಲೂ ಲೆಕ್ಕವಿರಲಿ. ಉಚಲ ಕೊಟ್ಟರೆ ಬಡ್ಡಿ ಬೇಡ. ಕಡಿತ ಎಷ್ಟು, ಬಾಕಿ ಎಷ್ಟು ಎಂಬ ಚೀಟಿ ಪ್ರತಿ ವಾರ ಆಳಿನ ಬಳಿಯೂ ಇರಲಿ. ಗುರುತಿನ ಚೀಟಿ ನೋಡಿ ತಕ್ಷಣ ಹಿಂದಿರುಗಿಸಿ. 14 ವರ್ಷದೊಳಗಿನ ಮಕ್ಕಳಿಂದ ಕೆಲಸ ಮಾಡಿಸಬೇಡಿ. ಕೆಡವುವಂಥ ಅಪಾಯದ ಕೆಲಸಕ್ಕೆ 18 ತುಂಬದವರನ್ನೂ ಇಳಿಸಬೇಡಿ.

ಮಹಾರಾಷ್ಟ್ರದಲ್ಲಿ ಹಮಾಲರಿಗೆಂದೇ 1969ರಿಂದ ಮಾಥಾಡಿ ಕಾಯ್ದೆಯಿದೆ. ನೋಂದಾಯಿತ ಮಾಲೀಕರು ಕೂಲಿಯನ್ನು ಮಂಡಳಿಗೆ ಕಟ್ಟುತ್ತಾರೆ, ಮಂಡಳಿ ಹಮಾಲರಿಗೆ ಕೊಡುತ್ತದೆ. ನಿಮ್ಮ ಕೆಲಸ ಇದರಡಿ ಬರುತ್ತದೆಯೇ ಎಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿಕೊಳ್ಳಿ.

ಮನೆ ಖಾಲಿ ಮಾಡಿಸುವವರಿಗೆ

ಮೂರು ದರ ಕೇಳಿದಾಗ ಒಂದು ತೀರಾ ಅಗ್ಗವಾಗಿದ್ದರೆ, ಆ ಅಗ್ಗ ಎಲ್ಲಿಂದ ಬಂತು ಎಂದು ಯೋಚಿಸಿ. ಆಳುಗಳಿಗೆ ಚಹಾ ಕೊಡುವಾಗ ಅವರೊಂದಿಗೆ ನೇರವಾಗಿ ಎರಡು ಮಾತಾಡಿ: ಯಾವ ಊರು, ಕೂಲಿ ದಿನಕ್ಕೋ ವಾರಕ್ಕೋ, ಹಬ್ಬಕ್ಕೆ ಊರಿಗೆ ಹೋಗುತ್ತೀರಾ? ಪ್ರತಿ ಪ್ರಶ್ನೆಗೂ ಗುತ್ತಿಗೆದಾರನೇ ಉತ್ತರಿಸಿದರೆ, ಆಳು ಅವನ ಮುಖ ನೋಡಿ ಸುಮ್ಮನಾದರೆ ಎಚ್ಚರವಾಗಿ. ಅಲ್ಲೇ ಜಗಳ ತೆಗೆಯಬೇಡಿ; ಅದರ ಪೆಟ್ಟು ಬೀಳುವುದು ಆಳಿಗೇ.

ದೂರು ಎಲ್ಲಿ?

ಜೀತದಿಂದ ಬಿಡಿಸುವ ಅಧಿಕಾರ ಜಿಲ್ಲಾಧಿಕಾರಿ ಮತ್ತು ಅವರು ನೇಮಿಸಿದ ಅಧಿಕಾರಿಗಳದು. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ತುರ್ತಿದ್ದರೆ 112, ಮಕ್ಕಳಿದ್ದರೆ 1098, ಕಾನೂನು ನೆರವಿಗೆ 15100. ಜೀತಕ್ಕೆ ಬಲಿಯಾದವರಿಗೆ ವಕೀಲರ ನೆರವು ಉಚಿತ. ಬಿಡುಗಡೆಯಾದವರಿಗೆ ಬಿಡುಗಡೆ ಪ್ರಮಾಣಪತ್ರ ಕೇಳಿ ಪಡೆಯಿರಿ. 2016ರ ಕೇಂದ್ರ ಯೋಜನೆಯಲ್ಲಿ ಪುನರ್ವಸತಿ ಮೊತ್ತ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ ರೂಪಾಯಿ. ಆ ಕಾಗದವಿಲ್ಲದೆ ಹಕ್ಕು ಕೇಳುವುದು ಕಷ್ಟ.

ಕೊನೆಯದಾಗಿ ಗಡಿಭಾಗದ್ದೇ ಒಂದು ಮಾತು. ಗುಳೆ ಬಂದ ಕನ್ನಡಿಗನಿಗೆ ಮರಾಠಿ ಓದಲು ಬರದಿರಬಹುದು. ಆತ ಹೆಬ್ಬೆಟ್ಟು ಒತ್ತುವ ಕಾಗದದಲ್ಲಿ ಮುಂಗಡ 20,000 ಎಂದಿದೆಯೋ 40,000 ಎಂದಿದೆಯೋ ಅವನಿಗೆ ತಿಳಿಯದು. ನಾವು ಎರಡೂ ಭಾಷೆ ಬಲ್ಲವರು. ಯಾರಾದರೂ ಅಂಥ ಕಾಗದ ಹಿಡಿದು ಬಂದರೆ, ಕೂತು ಕನ್ನಡದಲ್ಲಿ ಓದಿ ಹೇಳಿ. ಹೆಬ್ಬೆಟ್ಟು ಒತ್ತುವ ಮೊದಲು ಸಿಗುವ ಐದು ನಿಮಿಷದ ಈ ನೆರವು ಒಂದು ಕುಟುಂಬದ ವರ್ಷಗಳನ್ನು ಉಳಿಸಬಹುದು.