ಎಲ್ಲರೂ ಎಲ್ಲರ ಕೈ ಹಿಡಿಯುವ ಕುಣಿತ ನಿಂತಾಗ

ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಬೇರೂರಿ ದೇಶವಿಡೀ ಹಬ್ಬಿದ ‘ಕಾಂಟ್ರಾ’ ಕುಣಿತಕ್ಕೆ ಮೊದಲೇ ಕಲಿತು ಬರಬೇಕೆಂಬ ಕಟ್ಟುಪಾಡಿಲ್ಲ. ಜೋಡಿಯಾಗಿಯೇ ಬರಬೇಕೆಂದೂ ಇಲ್ಲ. ಚರ್ಚಿನ ಸಭಾಂಗಣಕ್ಕೋ ಊರಿನ ಸಮುದಾಯ ಭವನಕ್ಕೋ ಹೋಗಿ, ಬಾಗಿಲಲ್ಲಿ ಶುಲ್ಕ ಕೊಟ್ಟು, ಸಾಲಿಗೆ ಸೇರಿಕೊಂಡರಾಯಿತು. ವೇದಿಕೆಯ ಮೇಲೆ ಪಿಟೀಲು, ಪಿಯಾನೊ, ಗಿಟಾರ್. ಜೊತೆಗೆ ಮುಂದಿನ ಹೆಜ್ಜೆಯನ್ನು ಕೂಗಿ ಹೇಳುವ ‘ಕಾಲರ್’. ಇಪ್ಪತ್ತರ ಹುಡುಗಿಗೆ ಎಪ್ಪತ್ತರ ಅಜ್ಜ ಜೊತೆಗಾರನಾಗುವುದು ಇಲ್ಲಿ ಮಾಮೂಲು.

2020ರ ಮಾರ್ಚ್‌ನಲ್ಲಿ ಕೋವಿಡ್ ಹಬ್ಬತೊಡಗಿದಾಗ ಈ ಕುಣಿತದ ಸಂಜೆಗಳು ಒಂದೊಂದಾಗಿ ರದ್ದಾದವು. ಎಷ್ಟೋ ಕಡೆ ಸರ್ಕಾರದ ಆದೇಶ ಬರುವ ಮೊದಲೇ ಕುಣಿತ ನಡೆಸುವ ಸ್ವಯಂಸೇವಕರು ಬಾಗಿಲು ಹಾಕಿದ್ದರು.

ಅವರ ಭಯಕ್ಕೆ ಕಾರಣ ಕುಣಿತದ ಕಟ್ಟಿನಲ್ಲೇ ಇತ್ತು. ಎದುರುಬದುರು ಎರಡು ಉದ್ದ ಸಾಲು. ಎರಡೆರಡು ಜೋಡಿ ಸೇರಿ ನಾಲ್ವರ ಗುಂಪು. 64 ಎಣಿಕೆಯ ಒಂದು ಸುತ್ತು ಮುಗಿಯಲು ಅರ್ಧ ನಿಮಿಷದಷ್ಟು ಹೊತ್ತು. ಅಷ್ಟರಲ್ಲಿ ಜೋಡಿ ಒಂದು ಸ್ಥಾನ ಸರಿದು ಹೊಸ ಜೋಡಿಯ ಕೈ ಹಿಡಿದಿರುತ್ತದೆ. ಹೀಗೆ ಹತ್ತು ನಿಮಿಷ ಕುಣಿದರೆ ಇಪ್ಪತ್ತು ಜೋಡಿಗಳ ಪರಿಚಯ! ಮುಂದಿನ ಹಾಡಿಗೆ ಜೊತೆಗಾರರೂ ಬದಲು. ಅಪರಿಚಿತರನ್ನು ಒಂದೇ ಸಂಜೆಯಲ್ಲಿ ಬಳಗವಾಗಿಸುವ ಈ ಜಾಣ ಏರ್ಪಾಡು ವೈರಾಣುವಿಗೂ ಹೇಳಿ ಮಾಡಿಸಿದಂತಿತ್ತು.

ಇದರ ಮೇಲೆ ಉಸಿರಿನ ಲೆಕ್ಕ ಬೇರೆ. ದಕ್ಷಿಣ ಕೊರಿಯಾದ ಚೊನಾನ್ ನಗರದಲ್ಲಿ 2020ರ ಫೆಬ್ರುವರಿ 15ರಂದು ನೃತ್ಯ ವ್ಯಾಯಾಮದ ತರಬೇತುದಾರರ ಕಾರ್ಯಾಗಾರ ನಡೆಯಿತು. ಅಲ್ಲಿ ಸೋಂಕು ತಗುಲಿದವರು ತಮ್ಮ ತಮ್ಮ ತರಗತಿಗಳಿಗೆ ಮರಳಿದರು. ಕೊನೆಗೆ 12 ಕೇಂದ್ರಗಳಿಗೆ ನಂಟಿದ್ದ 112 ಪ್ರಕರಣಗಳು ಪತ್ತೆಯಾದವು. ಸೋಂಕಿತರಲ್ಲೊಬ್ಬರು ಯೋಗ ಮತ್ತು ಪಿಲಾಟೀಸ್ ಕಲಿಸುತ್ತಿದ್ದರು. ಅವರ ಏಳೆಂಟು ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ರೋಗ ಬರಲಿಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ಏದುಸಿರು ಬಿಡುತ್ತಾ ಕುಣಿಯುವುದೇ ಅಪಾಯವನ್ನು ಹೆಚ್ಚಿಸಿರಬಹುದು ಎಂದು ಸಂಶೋಧಕರು ಊಹಿಸಿದರು.

ಅಮೆರಿಕದಲ್ಲೇ ಇನ್ನೊಂದು ಪಾಠ ಕಾದಿತ್ತು. ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್‌ನಲ್ಲಿ ಸಮೂಹಗಾಯನ ತಂಡವೊಂದರ 61 ಮಂದಿ ಎರಡೂವರೆ ಗಂಟೆ ತಾಲೀಮು ನಡೆಸಿದರು. ಅವರ ಪೈಕಿ 53 ಮಂದಿಗೆ ಕೋವಿಡ್ ತಗುಲಿತು ಅಥವಾ ತಗುಲಿರುವ ಸಂಭವ ಕಂಡುಬಂತು, ಇಬ್ಬರು ತೀರಿಕೊಂಡರು. ಹಾಡಿಗೇ ಹೀಗಾದರೆ ಕೈ ಹಿಡಿದು ಗಿರಗಿರನೆ ತಿರುಗುವವರ ಗತಿಯೇನು?

ಜೂಮ್ ಇತ್ತಲ್ಲ ಎನ್ನಬಹುದು. ಇತ್ತು, ಆದರೆ ಅಂತರ್ಜಾಲದಲ್ಲಿ ಧ್ವನಿ ತುಸು ತಡವಾಗಿ ತಲುಪುತ್ತದೆ. ಬೇರೆ ಬೇರೆ ಮನೆಗಳಲ್ಲಿ ಕುಳಿತ ಪಿಟೀಲು, ಪಿಯಾನೊಗಳ ತಾಳ ಕೂಡುವುದಿಲ್ಲ. ಹಾಗಾಗಿ ಒಂದೇ ಮನೆಯ ಕಲಾವಿದರು ನುಡಿಸುವುದು, ಉಳಿದವರು ಮೈಕ್ ಮುಚ್ಚಿಕೊಂಡು ತಮ್ಮ ಅಡುಗೆಮನೆಯಲ್ಲೋ ಹಜಾರದಲ್ಲೋ ಒಬ್ಬರೇ ಹೆಜ್ಜೆ ಹಾಕುವುದು ರೂಢಿಯಾಯಿತು. ಹಲವರಿಗೆ ಅದು ಸಪ್ಪೆಯೆನಿಸಿತು. ಊರೂರು ಸುತ್ತಿ ದುಡಿಯುತ್ತಿದ್ದ ವಾದ್ಯಗಾರರಿಗೂ ಕಾಲರ್‌ಗಳಿಗೂ ಸಂಪಾದನೆ ಕೈತಪ್ಪಿತು. 1915ರಲ್ಲಿ ಹುಟ್ಟಿದ ಕಂಟ್ರಿ ಡ್ಯಾನ್ಸ್ ಆಂಡ್ ಸಾಂಗ್ ಸೊಸೈಟಿ, ಬಳಗ ಚದುರದಂತೆ ನೋಡಿಕೊಳ್ಳುವುದು ಹೇಗೆಂದು ಸಂಘಟಕರನ್ನು ಕೂರಿಸಿ ಆನ್‌ಲೈನ್ ಮಾತುಕತೆ ನಡೆಸಿತು.

ಲಸಿಕೆ ಬಂದ ಮೇಲೆ, 2021ರ ಉತ್ತರಾರ್ಧದಿಂದ ಸಾಲುಗಳು ಮತ್ತೆ ಕಟ್ಟಿಕೊಂಡವು. ಹಲವೆಡೆ ಶುಲ್ಕದ ಜೊತೆಗೆ ಲಸಿಕೆ ಪ್ರಮಾಣಪತ್ರವನ್ನೂ ತೋರಿಸಬೇಕಿತ್ತು, ಮುಖಕ್ಕೆ ಮಾಸ್ಕ್ ಇರಲೇಬೇಕಿತ್ತು. ವರ್ಷಾಂತ್ಯದಲ್ಲಿ ಒಮೈಕ್ರಾನ್ ಬಂದಾಗ ಕೆಲವು ತಂಡಗಳು ಇನ್ನೊಮ್ಮೆ ನಿಲ್ಲಿಸಿದವು. ನಿಯಮ ಸಡಿಲಿಸುವ ಹೊತ್ತಿಗೆ ಹೊಸ ತಕರಾರು: ಮಾಸ್ಕ್ ತೊಟ್ಟು ಕುಣಿದರೆ ಉಸಿರು ಕಟ್ಟುತ್ತದೆ ಎನ್ನುವವರು ಒಂದೆಡೆ, ಅದಿಲ್ಲದೆ ಬರಲಾಗದು ಎನ್ನುವ ವೃದ್ಧರು ಮತ್ತು ಕಾಯಿಲೆಯವರು ಇನ್ನೊಂದೆಡೆ. ಕೆಲವು ತಂಡಗಳು ಎರಡೂ ಬಣಗಳಿಗೆ ಬೇರೆ ಬೇರೆ ಸಂಜೆಗಳನ್ನು ಮೀಸಲಿಟ್ಟು ಈ ಜಗಳ ಬಗೆಹರಿಸಿಕೊಂಡವು.